ಕಡತದ ಕಥೆ

ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆಲ್ಲ ಕಡತವೆಂಬ ಶಬ್ದ ಪರಿಚಿತವಾದದ್ದೇ. ‘ಕಡತ ಮೇಲಕ್ಕೆ ಹೋಗಿದೆ’, ‘ಕಡತ ಇನ್ನೂ ಕೆಳಕ್ಕೆ ಬಂದಿಲ್ಲ’, ‘ಕಡತ ಸಿಕ್ಕುತ್ತಿಲ್ಲ, ನಾಳೆ ಬನ್ನಿ’ – ಈ ಮೂರು ಮಾತುಗಳಲ್ಲಿ ಒಂದನ್ನಾದರೂ ಕೇಳದೆ ಮನೆಗೆ ಹಿಂದಿರುಗಿದ ಪುಣ್ಯವಂತರು ವಿರಳ. ಇಂಗ್ಲಿಷಿನ ಫೈಲಿಗೆ ಸಂವಾದಿಯಾಗಿ ಕನ್ನಡದಲ್ಲಿ ಈ ಮಾತು ಈಗ ನೆಲೆನಿಂತಿದೆ. ಆದರೆ ನಮ್ಮ ಹಿರಿಯರು ಕಡತವೆಂದು ಕರೆಯುತ್ತಿದ್ದ ವಸ್ತುವೇ ಬೇರೆ. ಅದರಲ್ಲಿ ಕಾಗದದ ಚೂರೂ ಇರಲಿಲ್ಲ. ಅದು ಬರೆದು, ಕೆಲಸ ತೀರಿದ ಮೇಲೆ ಒರಸಿ, ಮತ್ತೆ ಬರೆಯುವ ಸಾಧನವಾಗಿತ್ತು. ಈಗಿನ ಕಡತವಾದರೋ ಹಾಳೆಯ ಮೇಲೆ ಹಾಳೆ ಸೇರಿ, ಟ್ಯಾಗು ಹರಿಯುವವರೆಗೂ ದಪ್ಪವಾಗುತ್ತ ಹೋಗುವ ಪದಾರ್ಥ. ಶಬ್ದ ಉಳಿಯಿತು, ಅದರ ಗುಣ ತಿರುಗಮುರುಗಾಯಿತು. ಗ್ರಾಮ ಪಂಚಾಯಿತಿಯಿಂದ ಹಿಡಿದು ಜಿಲ್ಲಾ ಕಚೇರಿಯವರೆಗೆ ಕಾಗದದ ದುಂದು ತಗ್ಗಬೇಕೆಂದು ಎಲ್ಲರೂ ಹೇಳುತ್ತಿರುವ ಈ ದಿನಗಳಲ್ಲಿ, ಈ ಮಾರ್ಪಾಟು ಹೇಗಾಯಿತೆಂಬುದನ್ನು ನೆನೆಯುವುದು ಅಪ್ರಸ್ತುತವಾಗಲಾರದು.

ಕಡತವನ್ನು ಸಿದ್ಧಪಡಿಸುವ ಕ್ರಮ ಸರಳವಾದದ್ದು. ಒಂದು ಉದ್ದನೆಯ ಹತ್ತಿಬಟ್ಟೆಯನ್ನು ತೆಗೆದುಕೊಂಡು, ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿಯನ್ನು ಕಲಸಿ, ಬಟ್ಟೆಯ ಎರಡು ಮಗ್ಗುಲಿಗೂ ಬಳಿದು ಒಣಗಿಸುತ್ತಿದ್ದರು. ಒಣಗಿದ ಬಟ್ಟೆ ಹಲಗೆಯಂತೆ ಕಪ್ಪಾಗಿ, ಬಿರುಸಾಗಿ ನಿಲ್ಲುತ್ತಿತ್ತು. ಅದನ್ನು ಕತ್ತರಿಸದೆ, ಹಿಂದಕ್ಕೂ ಮುಂದಕ್ಕೂ ಮಡಿಸಿ ಪುಸ್ತಕದ ಆಕಾರಕ್ಕೆ ತಂದು, ಎರಡು ಕೊನೆಗೂ ಮರದ ಹಲಗೆಗಳನ್ನು ಅಂಟಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬಾತನು ದಕ್ಷಿಣ ಭಾರತದ ಇತಿಹಾಸವನ್ನು ಕುರಿತು ಬರೆದ ಗ್ರಂಥದ ಮೊದಲ ಸಂಪುಟ 1810ರಲ್ಲಿ ಅಚ್ಚಾಯಿತು. ಅದರಲ್ಲಿ ಆತನು ಕಡತವನ್ನು ಕಣ್ಣಾರೆ ಕಂಡವನಂತೆ ವರ್ಣಿಸಿದ್ದಾನೆ. ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ ಎಂಬುದು ಅವನು ಕೊಟ್ಟ ಲೆಕ್ಕ. ಸ್ಲೇಟಿನ ಬರಹದಂತೆ ಇದನ್ನು ಒರಸಿ ಹೊಸದಾಗಿ ಬರೆಯಬಹುದಾದರೂ, ಒರಸದೆ ಬಿಟ್ಟರೆ ಇದು ಕಾಗದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದನ್ನೂ ಆತನು ಗಮನಿಸಿದ್ದ.

ಬರೆಯುವ ಕಡ್ಡಿ ಬಳಪದ್ದು. ಬಳಪದ ಕಲ್ಲು ನಮ್ಮ ನಾಡಿನ ಭಾಗ್ಯ. ಬೇಲೂರು ಹಳೇಬೀಡುಗಳ ಶಿಲ್ಪಿಗಳು ತಮ್ಮ ಮದನಿಕೆಯರನ್ನು ಕಡೆದದ್ದು ಇದೇ ಜಾತಿಯ ಮೆದುಕಲ್ಲಿನಲ್ಲಿ. ಎಂಟುನೂರು ವರ್ಷ ಬಾಳುವ ಪ್ರತಿಮೆಯೂ ಆ ಕಲ್ಲಿನಿಂದಲೇ ಬಂತು. ಸಂಜೆಗೆ ಬರೆದು ಬೆಳಗ್ಗೆ ಒರಸುವ ಲೆಕ್ಕವೂ ಆ ಕಲ್ಲಿನಿಂದಲೇ ಬಂತು. ಯಾವುದಕ್ಕೆ ಎಷ್ಟು ಆಯುಸ್ಸು ಕೊಡಬೇಕೆಂಬುದು ಬಳಸುವವನ ವಿವೇಕಕ್ಕೆ ಸೇರಿದ್ದು.

ಪಂಡಿತ ಪರೀಕ್ಷೆಗೆ ಓದುತ್ತಿದ್ದಾಗ ಹಳೆಯ ಗ್ರಂಥಗಳಲ್ಲಿ ‘ಕಡಿತ’ವೆಂಬ ರೂಪ ನನ್ನ ಕಣ್ಣಿಗೆ ಬೀಳುತ್ತಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಮಹಾಶಯರ ನಿಘಂಟನ್ನು ತೆರೆದರೆ ಅದರ ವಿವರಣೆ ದೊರೆಯುತ್ತದೆ. ಅಂಗಡಿಯ ಸೆಟ್ಟರೂ, ಮಠಗಳ ಪಾರುಪತ್ಯಗಾರರೂ, ಊರ ಶಾನುಭೋಗರೂ ಶತಮಾನಗಳ ಕಾಲ ಲೆಕ್ಕವಿಟ್ಟದ್ದು ಕಡತದಲ್ಲಿ. ಶೃಂಗೇರಿಯ ಮಠದಲ್ಲಿ ಉಳಿದುಬಂದ ಕಡತಗಳಿಂದ ಇತಿಹಾಸಕಾರರು ಆ ಕಾಲದ ಆದಾಯ ವೆಚ್ಚಗಳನ್ನೂ, ಪತ್ರವ್ಯವಹಾರವನ್ನೂ ತಿಳಿದುಕೊಂಡಿದ್ದಾರೆ. ಒರಸಬಹುದಾದ ವಸ್ತುವೂ ಒರಸಬಾರದೆಂಬ ಎಚ್ಚರವಿದ್ದಲ್ಲಿ ಇನ್ನೂರು ಮುನ್ನೂರು ವರ್ಷ ಉಳಿಯಿತೆಂಬುದಕ್ಕೆ ಇದು ಸಾಕ್ಷಿ.

ಇಲ್ಲಿ ಒಂದು ಅಂಶವನ್ನು ವಾಚಕರು ಗಮನಿಸಬೇಕು. ಹಿಂದಿನವರು ಎಲ್ಲವನ್ನೂ ಕಡತದಲ್ಲಿ ಬರೆಯಲಿಲ್ಲ. ದೇವಸ್ಥಾನಕ್ಕೆ ಭೂಮಿ ಬಿಟ್ಟರೆ, ಕೆರೆ ಕಟ್ಟಿಸಿದವನಿಗೆ ಮಾನ್ಯ ಕೊಟ್ಟರೆ, ಆ ಮಾತು ಆಚಂದ್ರಾರ್ಕವಾಗಿ ನಿಲ್ಲಬೇಕು. ಅದಕ್ಕೆ ಕಲ್ಲು, ಇಲ್ಲವೆ ತಾಮ್ರದ ತಗಡು. ಕಾವ್ಯ, ಶಾಸ್ತ್ರ, ವೈದ್ಯಗ್ರಂಥಗಳು ಕೆಲವು ತಲೆಮಾರು ಬಾಳಬೇಕು. ಅದಕ್ಕೆ ಓಲೆಗರಿ, ಹುಳು ಹಿಡಿಯುವ ಮುಂಚೆ ಪ್ರತಿ ತೆಗೆಯುವ ಪದ್ಧತಿಯೂ ಉಂಟು. ಇಂದಿನ ಜಮಾ, ನಾಳೆಯ ಖರ್ಚು, ಯಾರ ಮನೆಯಿಂದ ಎಷ್ಟು ಕೊಳಗ ರಾಗಿ ಬಂತೆಂಬ ಲೆಕ್ಕ – ಇವಕ್ಕೆ ಕಡತ. ಹೀಗೆ ಬರೆಯುವ ಮೊದಲೇ ಬರಹದ ಆಯುಸ್ಸನ್ನು ನಿರ್ಧರಿಸುತ್ತಿದ್ದರು. ಕಲ್ಲಿನ ಮೇಲೆ ಬರೆಯುವುದು ಕಷ್ಟವಾದ್ದರಿಂದ ಮಾತು ಮಿತವಾಗುತ್ತಿತ್ತು. ಕಡತದಲ್ಲಿ ಬರೆಯುವುದು ಸುಲಭ, ಒರಸುವುದೂ ಸುಲಭವಾದ್ದರಿಂದ ರಾಶಿ ಬೀಳುತ್ತಿರಲಿಲ್ಲ.

ಕಾಗದ ಬಂದ ಮೇಲೆ ಈ ವಿಂಗಡಣೆ ಮಸುಕಾಯಿತು. ಬಹಮನಿ ಸುಲ್ತಾನರ, ಬಿಜಾಪುರದ ಆದಿಲಶಾಹಿಗಳ ಆಡಳಿತದೊಂದಿಗೆ ಅದು ನಮ್ಮ ನಾಡಿನ ಕಚೇರಿಗಳಲ್ಲಿ ಬಳಕೆಗೆ ಬಂತು. ಅದು ಒಂಟಿಯಾಗಿ ಬರಲಿಲ್ಲ. ತನ್ನ ಪರಿವಾರದೊಂದಿಗೆ ಬಂತು. ಕಾಗದವೆಂಬ ಮಾತೇ ಪಾರಸಿಯಿಂದ ಬಂದದ್ದು. ದಫ್ತರ, ಅರ್ಜಿ, ರುಜು, ಜಾರಿ, ಶಿರಸ್ತೇದಾರ, ರುಮಾಲು, ಅಸಲು, ನಕಲು – ಇವೆಲ್ಲ ಆ ಪರಿವಾರದ ಜನ. ಕಡೆಯ ಎರಡು ಮಾತುಗಳನ್ನು ವಿಶೇಷವಾಗಿ ಗಮನಿಸಬೇಕು. ಶಿಲಾಶಾಸನಕ್ಕೆ ಸಾಮಾನ್ಯವಾಗಿ ನಕಲು ಇಲ್ಲ. ಕಾಗದಕ್ಕಾದರೋ ನಕಲು ನೆರಳಿನಂತೆ. ಚಿಕ್ಕದೇವರಾಜ ಒಡೆಯರು (1673–1704) ಮೈಸೂರಿನಲ್ಲಿ ಹದಿನೆಂಟು ಇಲಾಖೆಗಳ ಅಠಾರ ಕಚೇರಿಯನ್ನು ಏರ್ಪಡಿಸಿದರೆಂದು ಪ್ರತೀತಿಯಿದೆ. ಇಲಾಖೆ ಹದಿನೆಂಟಾದ ಮೇಲೆ ಒಂದು ಇಲಾಖೆಯ ವಿಷಯವನ್ನು ಇನ್ನೊಂದಕ್ಕೆ ತಿಳಿಸಬೇಕಾಗುವುದು ಸಹಜವೇ.

ಆದರೂ ಬಹುಕಾಲ ಕಾಗದ ದುಬಾರಿಯ ವಸ್ತುವಾಗಿಯೇ ಉಳಿಯಿತು. ಕೈಯಿಂದ ತಯಾರಾದ ಹಾಳೆಯ ಅಂಚಿನವರೆಗೂ ಬರೆಯುತ್ತಿದ್ದರು. ಬೆನ್ನಿನ ಮೇಲೂ ಬರೆಯುತ್ತಿದ್ದರು. ಮೈಸೂರು ಸೀಮೆಯ ಆಡಳಿತವನ್ನು 1831ರಲ್ಲಿ ಇಂಗ್ಲಿಷರು ವಹಿಸಿಕೊಂಡು, 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರಾಗಿದ್ದ. ಆ ಕಾಲದಲ್ಲಿ ಕಚೇರಿಯ ಬರಹ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ನಡೆಯುತ್ತಿತ್ತು. ಮೇಲಿನವರಿಗಾಗಿ ಇಂಗ್ಲಿಷ್ ಸೇರಿತು. ಒಂದೇ ವಿಷಯವನ್ನು ಎರಡು ಮೂರು ಭಾಷೆಗಳಲ್ಲಿ ಬರೆಯುವಂತಾಯಿತು. ಮುಂದೆ ಯಂತ್ರದಿಂದ ತಯಾರಾದ ಅಗ್ಗದ ಕಾಗದ ಬಂತು, ಬೆರಳಚ್ಚು ಯಂತ್ರ ಬಂತು, ಕಾರ್ಬನ್ ಹಾಳೆ ಬಂತು, ಸೈಕ್ಲೊಸ್ಟೈಲು ಬಂತು. ಒಂದೊಂದು ಹೊಸ ಸಾಧನವೂ ಕೈಯ ಶ್ರಮವನ್ನು ತಗ್ಗಿಸಿತು, ಪ್ರತಿಗಳ ಸಂಖ್ಯೆಯನ್ನು ಹೆಚ್ಚಿಸಿತು. ಕೈಯಲ್ಲಿ ನಕಲು ಮಾಡಬೇಕಾಗಿದ್ದಾಗ ಗುಮಾಸ್ತೆಯು ‘ಈ ನಕಲು ಯಾರಿಗೆ?’ ಎಂದು ಕೇಳುತ್ತಿದ್ದನೆಂದು ಊಹಿಸಬಹುದು. ಕಾರ್ಬನ್ ಇಟ್ಟಮೇಲೆ ಆ ಪ್ರಶ್ನೆ ಕೇಳುವ ಅಗತ್ಯವೇ ಬೀಳಲಿಲ್ಲ.

ಆದರೆ ಆ ಕಾಲದ ಆಡಳಿತಗಾರರಿಗೆ ಕಾಗದದ ರಾಶಿಯ ಭಯವೂ ಇತ್ತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಮದರಾಸು ಪ್ರಾಂತಕ್ಕೆ ಸೇರಿದ್ದ ದಿನಗಳಲ್ಲಿ ಅಲ್ಲಿನ ಜಿಲ್ಲಾ ಕಚೇರಿಗಳಿಗೆ ಟಾಟನ್‌ಹ್ಯಾಮ್ ಪದ್ಧತಿಯೆಂಬ ಒಂದು ಕ್ರಮವಿತ್ತು. ಒಂದು ಪತ್ರದ ಕೆಲಸ ಮುಗಿದ ಕೂಡಲೆ ಅದರ ಮೇಲೆ ಒಂದು ಸಂಕೇತವನ್ನು ಹಾಕಬೇಕು. ಒಂದು ಸಂಕೇತವಿದ್ದರೆ ಶಾಶ್ವತವಾಗಿ ಇಡತಕ್ಕದ್ದು. ಇನ್ನೊಂದಿದ್ದರೆ ಹತ್ತು ವರ್ಷ. ಮತ್ತೊಂದಿದ್ದರೆ ಒಂದೇ ವರ್ಷ. ಕೆಲವು ಪತ್ರಗಳಿಗೆ ಪ್ರತ್ಯೇಕ ಉತ್ತರವೇ ಇಲ್ಲ. ಬಂದ ಪತ್ರದ ಮೇಲೆಯೇ ಷರಾ ಬರೆದು, ಅದನ್ನೇ ಕಳುಹಿಸಿದವರಿಗೆ ಹಿಂದಿರುಗಿಸಬೇಕು. ಕಚೇರಿಯಲ್ಲಿ ದಾಖಲೆ ಪುಸ್ತಕದ ಒಂದು ಸಾಲು ಮಾತ್ರ ಉಳಿಯುತ್ತದೆ. ನಮ್ಮ ರಾಜ್ಯದ ಕಚೇರಿಗಳಲ್ಲಿಯೂ ದಾಖಲೆಗಳನ್ನು ಎ, ಬಿ, ಸಿ ಎಂದು ವರ್ಗ ಮಾಡಿ, ಮೊದಲನೆಯದನ್ನು ಶಾಶ್ವತವೆಂದೂ ಉಳಿದವನ್ನು ಕ್ರಮವಾಗಿ ಅಲ್ಪಾಯುಗಳೆಂದೂ ಎಣಿಸುವ ನಿಯಮವಿದೆ. 1917ರಲ್ಲಿ ಬೇಡವಾದ ದಾಖಲೆಗಳನ್ನು ನಾಶಮಾಡುವ ವಿಷಯವಾಗಿಯೇ ಇಂಡಿಯಾ ಸರ್ಕಾರ ಒಂದು ಕಾನೂನು ಮಾಡಿತು. ಕಲ್ಲು, ಓಲೆ, ಕಡತಗಳ ಹಳೆಯ ವಿವೇಕವೇ ಇಲ್ಲಿ ಅಕ್ಷರಸಂಕೇತಗಳ ವೇಷದಲ್ಲಿ ಮರಳಿ ಬಂದಿತೆಂದು ಹೇಳಬಹುದು.

ವಿವೇಕ ಕಲಿಸದುದನ್ನು ಅಭಾವ ಕಲಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರದೇಶದ ಕಾಗದ ಬರುವುದು ಕಷ್ಟವಾಯಿತು. 1944ರಲ್ಲಿ ಕಾಗದದ ಮಿತವ್ಯಯಕ್ಕಾಗಿ ಸರ್ಕಾರವೇ ಆಜ್ಞೆ ಹೊರಡಿಸಿತು. ಬಂದ ಲಕೋಟೆಯನ್ನು ಹರಿಯದೆ ಬಿಡಿಸಿ, ವಿಳಾಸದ ಮೇಲೆ ಒಂದು ಚೀಟಿಯನ್ನು ಅಂಟಿಸಿ ಇನ್ನೊಬ್ಬರಿಗೆ ಕಳುಹಿಸುವ ‘ಎಕಾನಮಿ ಸ್ಲಿಪ್ಪು’ ಕಚೇರಿಗಳಲ್ಲಿ ವಾಡಿಕೆಯಾಯಿತು. ಯುದ್ಧ ಮುಗಿದ ಎಷ್ಟೋ ವರ್ಷಗಳ ತರುವಾಯವೂ ಅಂಥ ಲಕೋಟೆಗಳು ಓಡಾಡುತ್ತಿದ್ದವು. ಗಾಂಧೀಜಿಯವರು ಬಂದ ಪತ್ರಗಳ ಖಾಲಿ ಬೆನ್ನನ್ನೂ, ಬಿಡಿಸಿದ ಲಕೋಟೆಯ ಒಳಮೈಯನ್ನೂ ಬರೆಯಲು ಉಪಯೋಗಿಸುತ್ತಿದ್ದುದು ಲೋಕಪ್ರಸಿದ್ಧ. ಅದನ್ನು ಜಿಪುಣತನವೆಂದವರೂ ಇದ್ದರು. ಆದರೆ ಹಣ ಕೊಟ್ಟವರು ಬಡವರೆಂಬ ಪ್ರಜ್ಞೆ ಅದರ ಹಿಂದೆ ಇತ್ತು. ಕಚೇರಿಯ ಕಾಗದಕ್ಕೂ ಹಣ ಕೊಡುವವರು ಅವರೇ ಅಲ್ಲವೆ?

ಕಾಗದ ಎಲ್ಲಿಂದ ಬರುತ್ತದೆಂಬುದನ್ನೂ ಒಮ್ಮೆ ನೋಡಬೇಕು. 1936ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಇನ್ನೊಂದು ಗಿರಣಿ ಎದ್ದಿತು. ನಾಡಿಗೆ ಕಾಗದವೂ ದೊರೆಯಿತು, ಸಾವಿರಾರು ಸಂಸಾರಗಳಿಗೆ ಅನ್ನವೂ ದೊರೆಯಿತು. ಆದರೆ ಗಿರಣಿಗೆ ಬೇಕಾದ ಬಿದಿರು ಪಶ್ಚಿಮ ಘಟ್ಟದ ಕಾಡಿನದು. ಅದೇ ಬಿದಿರನ್ನು ನಂಬಿಕೊಂಡು ಬುಟ್ಟಿ, ಮೊರ, ತಟ್ಟಿ ಹೆಣೆಯುವ ಮೇದರೂ ಇದ್ದರು. ಗಿರಣಿಗಳಿಗೆ ಅತ್ಯಲ್ಪ ಬೆಲೆಗೆ ಬಿದಿರು ದೊರೆತಾಗ ಮೇದರು ಅದನ್ನೇ ಬಹು ದುಬಾರಿ ಬೆಲೆಗೆ ಕೊಳ್ಳಬೇಕಾಗಿತ್ತೆಂದು, 1970ರ ದಶಕದಲ್ಲಿ ಕರ್ನಾಟಕದ ಬಿದಿರನ್ನು ಕುರಿತು ಅಧ್ಯಯನ ನಡೆಸಿದ ಮಾಧವ ಗಾಡ್ಗೀಳರು ತೋರಿಸಿಕೊಟ್ಟರು. ಭದ್ರಾವತಿಯ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತುಹೋದವು. ಒಂದು ಹಾಳೆಯನ್ನು ಸುಮ್ಮನೆ ಮುದುರಿ ಬುಟ್ಟಿಗೆ ಎಸೆಯುವಾಗ ಆ ಬುಟ್ಟಿಯನ್ನು ಹೆಣೆದವನ ಬಿದಿರೂ ಅದರಲ್ಲಿ ಸೇರಿರಬಹುದೆಂಬುದು ನಮಗೆ ಹೊಳೆಯುವುದಿಲ್ಲ.

ಸ್ವಾತಂತ್ರ್ಯಾನಂತರ ಸರ್ಕಾರದ ಕೆಲಸ ಬೆಳೆಯಿತು, ಬೆಳೆಯಲೂ ಬೇಕಾಗಿತ್ತು. ಶಾಲೆ, ಆಸ್ಪತ್ರೆ, ಪಡಿತರ, ವೃದ್ಧರ ವೇತನ, ಮಕ್ಕಳ ವಿದ್ಯಾರ್ಥಿವೇತನ – ಇವೊಂದೊಂದಕ್ಕೂ ಒಂದು ಅರ್ಜಿ, ಒಂದು ಕಡತ. 1966ರಲ್ಲಿ ಭಾರತ ಸರ್ಕಾರ ನೇಮಿಸಿದ ಆಡಳಿತ ಸುಧಾರಣಾ ಆಯೋಗಕ್ಕೆ ಮರುವರ್ಷ ನಮ್ಮವರೇ ಆದ ಕೆಂಗಲ್ ಹನುಮಂತಯ್ಯನವರು ಅಧ್ಯಕ್ಷರಾದರು. ವಿಧಾನಸೌಧವನ್ನು ಕಟ್ಟಿಸಿದ ಅವರೇ, ಕಟ್ಟಡದೊಳಗೆ ಕಡತ ಏರುವ ಮೆಟ್ಟಿಲುಗಳು ಕಡಿಮೆಯಾಗಬೇಕೆಂದು ಹೇಳಿದ ಆಯೋಗವನ್ನು ನಡೆಸಿದರು. ಒಂದು ವಿಷಯ ಐದಾರು ಮೇಜುಗಳನ್ನು ಸುತ್ತಿದರೆ ಪ್ರತಿಯೊಂದು ಮೇಜಿನಲ್ಲಿಯೂ ಒಂದು ಟಿಪ್ಪಣಿ ಹುಟ್ಟುತ್ತದೆ. ಮೆಟ್ಟಿಲು ಕಡಿಮೆಯಾದರೆ ಟಿಪ್ಪಣಿ ಕಡಿಮೆ, ಟಿಪ್ಪಣಿ ಕಡಿಮೆಯಾದರೆ ಕಾಗದ ಕಡಿಮೆ, ಜನರ ಕಾಯುವಿಕೆಯೂ ಕಡಿಮೆ.

ಹಳ್ಳಿಯ ಮಟ್ಟದಲ್ಲಿ ಇನ್ನೂ ದೊಡ್ಡ ಪಲ್ಲಟವಾಯಿತು. ವಂಶಪಾರಂಪರ್ಯವಾದ ಶಾನುಭೋಗಿಕೆ, ಪಟೇಲಿಕೆಗಳನ್ನು ರದ್ದುಪಡಿಸುವ 1961ರ ಕಾನೂನು 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ವೇತನ ಪಡೆಯುವ ಗ್ರಾಮಲೆಕ್ಕಿಗರು ಬಂದರು. ಊರಿನ ಲೆಕ್ಕ ಒಂದು ಮನೆತನದ ಸೊತ್ತಾಗಿರಬಾರದೆಂಬ ಈ ತತ್ತ್ವ ನ್ಯಾಯವಾದದ್ದೇ. ನಮ್ಮ ತಾತ ಅಂಥ ಮನೆತನದ ಕಡೆಯ ಶಾನುಭೋಗರಾಗಿದ್ದರು. ಸರ್ಕಾರಕ್ಕೆ ಸೇರಿದ ಬಹಿಗಳನ್ನೂ ನಕ್ಷೆಗಳನ್ನೂ ರುಮಾಲಿನಲ್ಲಿ ಕಟ್ಟಿ, ಪಟ್ಟಿ ಮಾಡಿ, ರುಜು ಪಡೆದು ಒಪ್ಪಿಸಿದರಂತೆ. ಸರ್ಕಾರ ಕೇಳದ ಕೆಲವು ಹಳೆಯ ವಸ್ತುಗಳು ಅಟ್ಟದ ಮೇಲೆಯೇ ಉಳಿದವು. ಅವುಗಳಲ್ಲಿ ನಮ್ಮ ಮುತ್ತಾತನ ಕಾಲದ ಎರಡು ಕಡತಗಳೂ ಇದ್ದವು.

ಈ ಕಡತಗಳ ವಿಷಯದಲ್ಲಿ ನಾನೊಂದು ತಪ್ಪೊಪ್ಪಿಗೆಯನ್ನು ಮಾಡಬೇಕಾಗಿದೆ. ನನಗೆ ಆಗ ಎಂಟೊಂಬತ್ತು ವರ್ಷವಿದ್ದೀತು. ಬೇಸಗೆ ರಜದಲ್ಲಿ ನಾನೂ ದೊಡ್ಡಪ್ಪನ ಮಗನೂ ಅಟ್ಟ ಹತ್ತಿ ಒಂದು ಕಡತವನ್ನು ಇಳಿಸಿದೆವು. ಸ್ಲೇಟಿಗಿಂತ ದೊಡ್ಡದು, ಬಿದ್ದರೂ ಒಡೆಯುವುದಿಲ್ಲ. ಅದರ ತುಂಬ ಯಾವುದೋ ಹಳೆಯ ಮೋಡಿಯಂಥ ಬರಹ. ನಮಗೆ ಒಂದಕ್ಷರವೂ ತಿಳಿಯಲಿಲ್ಲ. ಒದ್ದೆ ಬಟ್ಟೆಯಿಂದ ಒರಸಿ, ಮೂರು ಮಡಿಕೆಗಳ ಮೇಲೆ ಹನ್ನೆರಡರಿಂದ ಹದಿನಾರರವರೆಗೆ ಮಗ್ಗಿ ಬರೆದೆವು. ಆಟ ಬೇಸರವಾದ ಮೇಲೆ ಮಡಿಸಿ ಮೇಲಿಟ್ಟು ಮರೆತೂಬಿಟ್ಟೆವು.

ಏಳೆಂಟು ವರ್ಷಗಳ ಮೇಲೆ ಮಳೆ ಕೈಕೊಟ್ಟ ಒಂದು ವರ್ಷ ಊರ ಕೆರೆಯ ನೀರಿನ ಸರದಿಯ ವಿಷಯದಲ್ಲಿ ನಮ್ಮ ಊರಿನವರಿಗೂ ಕೆಳಗಿನ ಹಳ್ಳಿಯವರಿಗೂ ವ್ಯಾಜ್ಯ ಬಂತು. ತೂಬಿನ ನೀರು ಯಾವ ಗದ್ದೆಬಯಲಿಗೆ ಎಷ್ಟು ದಿನವೆಂಬುದು ಪ್ರಶ್ನೆ. ಹಿರಿಯರು ತಾತನ ಬಳಿಗೆ ಬಂದರು. ‘ಅದು ನಮ್ಮಪ್ಪನ ಕಡತದಲ್ಲಿದೆ, ನಾನೇ ನೋಡಿದ್ದೇನೆ’ ಎಂದು ತಾತ ಧೈರ್ಯ ಹೇಳಿ ಕಡತವನ್ನು ತರಿಸಿದರು. ಜಗಲಿಯ ಮೇಲೆ, ಎರಡೂ ಊರಿನವರ ಮುಂದೆ, ಮಡಿಕೆ ಮಡಿಕೆಯಾಗಿ ಬಿಚ್ಚಿದರು. ಸರದಿಯ ಲೆಕ್ಕ ಇರಬೇಕಾದ ಕಡೆಯಲ್ಲಿ ಹನ್ನೆರಡೊಂದ್ಲೆ ಹನ್ನೆರಡು ಇತ್ತು. ಯಾರೂ ನಗಲಿಲ್ಲ. ಕಡೆಗೆ ಬಾಯಿಮಾತಿನ ನೆನಪಿನ ಮೇಲೆ ರಾಜಿಯಾಯಿತು. ಕೆಳಗಿನ ಹಳ್ಳಿಯವರು ತಮಗೆ ಎರಡು ದಿನದ ನೀರು ಕಡಿಮೆಯಾಯಿತೆಂದು ಹೇಳುತ್ತಲೇ ಎದ್ದುಹೋದರು. ಅವರು ಹೇಳಿದ್ದು ನಿಜವೋ ಅಲ್ಲವೋ ಹೇಳಬಲ್ಲ ಬರಹವನ್ನು ಒರಸಿದವನು ನಾನು.

ರಾತ್ರಿ ಊಟವಾದ ಮೇಲೆ ತಾತ ನನ್ನನ್ನು ಕರೆದರು. ಬೈಯುತ್ತಾರೆಂದು ಹೆದರಿದ್ದೆ. ಅವರು ಹೇಳಿದ್ದು ಇಷ್ಟೇ: ‘ಕಡತ ಇರೋದೇ ಒರಸೋದಕ್ಕೆ ಮಗು. ಆದರೆ ಏನಿದೆ ಅಂತ ಯಾರನ್ನಾದರೂ ಕೇಳಿ ಒರಸಬೇಕಾಗಿತ್ತು. ನನ್ನದೂ ತಪ್ಪಿದೆ. ಉಳೀಬೇಕಾದ್ದನ್ನ ನಾನು ಕಾಗದಕ್ಕೆ ಇಳಿಸಿಕೊಳ್ಳಲಿಲ್ಲ.’

ಕಾಗದದ ದುಂದಿನ ವಿಷಯವಾಗಿ ನಾನು ಯೋಚಿಸುವಾಗಲೆಲ್ಲ ಈ ಮಾತೇ ನೆನಪಿಗೆ ಬರುತ್ತದೆ. ನಮ್ಮ ಕಚೇರಿಗಳ ದೋಷ ಹೆಚ್ಚು ಬರೆಯುವುದಷ್ಟೇ ಅಲ್ಲ. ಉಳಿಸಬೇಕಾದದ್ದು ಯಾವುದು, ಒರಸಬಹುದಾದದ್ದು ಯಾವುದೆಂಬುದನ್ನು ನಿರ್ಧರಿಸದೆ ಬಿಡುವುದು. ನಿರ್ಧರಿಸದೆ ಹೋದರೆ ಎಲ್ಲವನ್ನೂ ಇಡಬೇಕಾಗುತ್ತದೆ. ಎಲ್ಲವನ್ನೂ ಇಟ್ಟ ಕೊಠಡಿಯಲ್ಲಿ ಬೇಕಾದ ಒಂದು ಹಾಳೆ ಸಿಕ್ಕುವುದಿಲ್ಲ. ಸಿಕ್ಕದಿದ್ದಾಗ ‘ಇನ್ನೊಂದು ಪ್ರತಿ ತನ್ನಿ’ ಎನ್ನುತ್ತಾರೆ. ಹೀಗೆ ಕಾಗದದಿಂದಲೇ ಕಾಗದ ಹುಟ್ಟುತ್ತದೆ. ಗೆದ್ದಲು ಮಾತ್ರ ಈ ರಾಶಿಯಲ್ಲಿ ತಾರತಮ್ಯ ಮಾಡುವುದಿಲ್ಲ. ಶಾಶ್ವತವೆಂಬ ಷರಾ ಹೊತ್ತ ಹಕ್ಕುಪತ್ರವನ್ನೂ, ಹಳೆಯ ಸುತ್ತೋಲೆಯ ಹತ್ತನೆಯ ಪ್ರತಿಯನ್ನೂ ಒಂದೇ ಹಸಿವಿನಿಂದ ತಿನ್ನುತ್ತದೆ.

ಕಚೇರಿಯವರನ್ನು ದೂರಿ ನಾನು ಪಾರಾಗುವಂತಿಲ್ಲ. ಶಾಲೆಯ ಬಾಗಿಲು ತೆರೆದ ಕೂಡಲೆ ಮಕ್ಕಳಿಂದ ಜಾತಿ, ಆದಾಯದ ಪ್ರಮಾಣಪತ್ರಗಳ ಜೆರಾಕ್ಸು ಪ್ರತಿಗಳನ್ನು ಕೇಳಿ ತೆಗೆದುಕೊಳ್ಳುವ ಕೆಲಸ ಅನೇಕ ವರ್ಷ ನನ್ನದೇ ಆಗಿತ್ತು. ಒಮ್ಮೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ಬಂದರು. ಕೂಲಿಗೆ ಹೋಗುವ ಹೆಂಗಸು. ‘ಹೋದ ವರ್ಷ ಕೊಟ್ಟಿದ್ನಲ್ಲ ಮೇಷ್ಟ್ರೇ, ಅದೇ ಕಾಗದ. ಅದು ಎಲ್ಲಿ ಹೋಯ್ತು?’ ಎಂದು ಕೇಳಿದರು. ಪಟ್ಟಣಕ್ಕೆ ಹೋಗಿ ಜೆರಾಕ್ಸು ಮಾಡಿಸಿಕೊಂಡು ಬರಲು ಆಕೆಗೆ ಒಂದು ದಿನದ ಕೂಲಿ ಹೋಗಿತ್ತು. ಆಕೆ ಹೋದ ಮೇಲೆ ಬೀರು ತೆರೆದು ನೋಡಿದೆ. ಅದೇ ಹುಡುಗಿಯ ಅದೇ ಪತ್ರ, ಎಂಟನೆಯ ತರಗತಿಯಿಂದ ಬೇರೆ ಬೇರೆ ಕಟ್ಟುಗಳಲ್ಲಿ, ನಾಲ್ಕು ಪ್ರತಿ ಇತ್ತು. ಒಂದು ಹಾಳೆಯ ಬೆಲೆ ಎರಡು ಮೂರು ರೂಪಾಯಿ ಇದ್ದೀತು. ಆ ತಾಯಿಗೆ ಅದು ತಗಲಿದ್ದು ಒಂದು ದಿನದ ಅನ್ನ. ಕಾಗದದ ದುಂದನ್ನು ಕಚೇರಿಯ ಲೇಖನ ಸಾಮಗ್ರಿಯ ಖರ್ಚಿನಲ್ಲಿ ಮಾತ್ರ ಅಳೆಯುವವರು ಈ ಲೆಕ್ಕವನ್ನು ಸೇರಿಸುವುದಿಲ್ಲ. ಆ ವರ್ಷದಿಂದ ಒಂದು ಪುಸ್ತಕವಿಟ್ಟೆ. ಮಗುವಿನ ಹೆಸರು, ಪತ್ರದ ಸಂಖ್ಯೆ, ತಾರೀಖು, ಯಾವ ಕಟ್ಟಿನಲ್ಲಿದೆಯೆಂಬ ಗುರುತು – ಒಂದು ಸಾಲು. ಪ್ರತಿ ಒಮ್ಮೆ ಬಂದರೆ ಶಾಲೆ ಬಿಡುವವರೆಗೆ, ಅದರ ಅವಧಿ ತೀರದಿದ್ದರೆ, ಮತ್ತೆ ಕೇಳುವುದಿಲ್ಲ. ಇದು ನನ್ನ ಬುದ್ಧಿಯೇನಲ್ಲ. ಶಾನುಭೋಗರ ಹಳೆಯ ಕ್ರಮವೇ.

ಸರ್ಕಾರವೂ ಕೈಕಟ್ಟಿ ಕುಳಿತಿಲ್ಲವೆನ್ನಬೇಕು. ಈ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆಯಿಂದ ಕರ್ನಾಟಕದ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಕೈಬರಹದ ಪಹಣಿಯ ಚಲಾವಣೆ ನಿಂತಿತು. 2011ರ ಸಕಾಲ ಕಾನೂನಿನಿಂದ ಅರ್ಜಿಗೆ ಗಡುವು ಬಂತು. ಗೆಜೆಟೆಡ್ ಅಧಿಕಾರಿಯ ಮುದ್ರೆಗೆ ಬದಲಾಗಿ ಅರ್ಜಿದಾರನೇ ರುಜು ಮಾಡಿ ದೃಢೀಕರಿಸಬಹುದೆಂದು 2014ರ ಸುಮಾರಿಗೆ ಕೇಂದ್ರ ಸರ್ಕಾರ ಪ್ರೋತ್ಸಾಹಿಸಿತು. ಕಚೇರಿಗಳಲ್ಲಿ ಇ-ಕಡತವೂ ಬಂದಿದೆ. ಆದರೆ ಪರದೆಯ ಮೇಲೆ ಇರುವುದನ್ನು ‘ಒಂದು ಪ್ರತಿ ಇರಲಿ’ ಎಂದು ಅಚ್ಚು ಹಾಕಿ ದಾರ ಕಟ್ಟುವ ಅಭ್ಯಾಸ ಹೋಗದಿದ್ದರೆ, ಯಂತ್ರವೂ ಕಾರ್ಬನ್ ಹಾಳೆಯ ದಾರಿಯನ್ನೇ ಹಿಡಿಯುತ್ತದೆ.

ಇನ್ನೊಂದು ಅಪಾಯವನ್ನೂ ಮರೆಯಬಾರದು. ಮಿತವ್ಯಯದ ಹೆಸರಿನಲ್ಲಿ ಉಳಿಯಬೇಕಾದ ಹಾಳೆ ಮಾಯವಾಗಬಾರದು. 1994ರಿಂದೀಚೆಗೆ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಪಂಚಾಯಿತಿಯ ಕೂಲಿಪಟ್ಟಿಗಳನ್ನು ಜನರ ಮುಂದೆ ಓದಿಸಿದಾಗ, ಸತ್ತವರ ಹೆಸರಿನಲ್ಲಿಯೂ, ಕೆಲಸ ಮಾಡದವರ ಹೆಸರಿನಲ್ಲಿಯೂ ಕೂಲಿ ಬರೆದಿದ್ದುದು ಹೊರಬಿತ್ತು. ಆ ಪಟ್ಟಿಗಳು ಒಂದು ಹಾಳೆಯ ವಸ್ತುಗಳು; ಅವು ಇಲ್ಲದಿದ್ದರೆ ಕೂಲಿಕಾರನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಮುಂದೆ 2005ರ ಮಾಹಿತಿ ಹಕ್ಕಿನ ಕಾನೂನಿಗೆ ದಾರಿಯಾದ ಹೋರಾಟಗಳಲ್ಲಿ ಅದು ಮುಖ್ಯವಾದದ್ದು. ದಾಖಲೆಗಳನ್ನು ಪಟ್ಟಿಮಾಡಿ, ಸೂಚಿಯೊಂದಿಗೆ ವ್ಯವಸ್ಥೆಯಾಗಿ ಇಡುವುದು ಕಚೇರಿಯ ಕರ್ತವ್ಯವೆಂದು ಆ ಕಾನೂನು ಹೇಳುತ್ತದೆ.

ಆದ್ದರಿಂದ ಮಾಡಬೇಕಾದದ್ದು ಹೊಸತೇನಲ್ಲ. ಪತ್ರದ ಕೆಲಸ ಮುಗಿದ ದಿನವೇ ಅದರ ಆಯುಸ್ಸನ್ನು ಬರೆಯುವುದು. ವರ್ಷಕ್ಕೊಮ್ಮೆ ಅವಧಿ ತೀರಿದವನ್ನು ಓದಿ ನೋಡಿ, ಪಟ್ಟಿಮಾಡಿ ತೆಗೆಯುವುದು. ಕಚೇರಿಯಲ್ಲಿ ಈಗಾಗಲೇ ಇರುವುದನ್ನು ಜನರಿಂದ ಮತ್ತೆ ಕೇಳದಿರುವುದು. ಒಂದು ಸಾಲಿನ ಉತ್ತರವನ್ನು ಬಂದ ಪತ್ರದ ಮೇಲೆಯೇ ಬರೆಯುವುದು. ಕರಡನ್ನು ಹಾಳೆಯ ಖಾಲಿ ಬೆನ್ನಿನ ಮೇಲೆ ಮಾಡುವುದು. ಇವಾವುದಕ್ಕೂ ಹಣ ಬೇಕಿಲ್ಲ. ದಿನಕ್ಕೆ ಒಂದು ಗಳಿಗೆ ಯೋಚಿಸುವ ಒಬ್ಬ ಗುಮಾಸ್ತೆ, ಅವನನ್ನು ಯೋಚಿಸಲು ಬಿಡುವ ಒಬ್ಬ ಮೇಲಧಿಕಾರಿ ಇದ್ದರೆ ಸಾಕು.

ಗಣಕಯಂತ್ರದ ಪರದೆಯನ್ನು ನೋಡಿದಾಗ ನನಗೆ ಕಡತವೇ ಮರಳಿ ಬಂದಂತೆ ತೋರುತ್ತದೆ. ಕಪ್ಪು ಮೈ, ಬರೆಯುವುದು ಸುಲಭ, ಒರಸುವುದು ಅದಕ್ಕಿಂತ ಸುಲಭ. ಇಲ್ಲಿ ಒರಸಿದರೆ ಕಣ್ಣಿಗೆ ಬಳಪದ ಗುರುತೂ ಕಾಣದು. ತಾತನ ಎಚ್ಚರಿಕೆ ಅಂದಿಗಿಂತ ಇಂದಿಗೇ ಹೆಚ್ಚು ಸಲ್ಲುತ್ತದೆ.

ಆ ಕಡತ ಈಗ ನನ್ನ ಮನೆಯಲ್ಲಿದೆ. ಉಳಿದ ಮಡಿಕೆಗಳ ಬರಹವನ್ನು ಮೋಡಿ ಬಲ್ಲ ಹಿರಿಯರೊಬ್ಬರಿಂದ ಓದಿಸಿ, ಒಂದು ನೋಟುಪುಸ್ತಕಕ್ಕೆ ಇಳಿಸಿಕೊಂಡಿದ್ದೇನೆ. ಹೆಚ್ಚಿನದು ರಾಗಿ, ಹುರುಳಿ, ಎಣ್ಣೆಯ ಲೆಕ್ಕ. ಒರಸಿದ್ದರೂ ಯಾರಿಗೂ ನಷ್ಟವಿರಲಿಲ್ಲ. ನಾವು ಒರಸಿದ ಮೂರು ಮಡಿಕೆಗಳಲ್ಲಿ ಮಾತ್ರ ಇಂದಿಗೂ ಹದಿನಾರರ ಮಗ್ಗಿ ಸ್ಪಷ್ಟವಾಗಿ ಓದಲು ಬರುತ್ತದೆ.